ಸಿಂಪಿ ಹುಡುಗನನ್ನು ಕೊಂದವರು ಯಾರು?

ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ವಿದೇಶದಿಂದ ಎರಡು ಪೆಟ್ಟಿಗೆ ತುಂಬ ಪುಸ್ತಕಗಳನ್ನು ಗ್ರಂಥಭಂಡಾರಕ್ಕೆ ಕಾಣಿಕೆಯಾಗಿ ಕಳಿಸಿದ. ಪುಕ್ಕಟೆ ಬಂದ ಪುಸ್ತಕವನ್ನು ಕಪಾಟಿಗೆ ಸೇರಿಸುವುದಕ್ಕೂ ನಮ್ಮಲ್ಲಿ ಒಂದು ಸಮಿತಿ ಬೇಕು. ಆ ಸಮಿತಿಯಲ್ಲಿ ನಾನೂ ಒಬ್ಬ. ಇತಿಹಾಸ, ಅರ್ಥಶಾಸ್ತ್ರ, ಕಾದಂಬರಿಗಳೆಲ್ಲ ಕಾಫಿ ಬರುವುದರೊಳಗೆ ತೇರ್ಗಡೆಯಾದುವು. ಕೊನೆಗೆ ಉಳಿದದ್ದು ತೆಳ್ಳನೆಯ ಎರಡು ಚಿತ್ರಪುಸ್ತಕಗಳು. ಒಂದು, ಅಮೆರಿಕದ ಎಡ್ವರ್ಡ್ ಗೋರಿ 1963ರಲ್ಲಿ ಪ್ರಕಟಿಸಿದ 'ದಿ ಗ್ಯಾಷ್ಲಿಕ್ರಂಬ್ ಟೈನೀಸ್'. ಇನ್ನೊಂದು, ಚಲನಚಿತ್ರ ನಿರ್ದೇಶಕನೆಂದು ಹೆಸರಾದ ಟಿಮ್ ಬರ್ಟನ್ 1997ರಲ್ಲಿ ತಾನೇ ಬರೆದು ತಾನೇ ಚಿತ್ರ ಹಾಕಿ ಹೊರತಂದ 'ದಿ ಮೆಲಂಕಲಿ ಡೆತ್ ಆಫ್ ಆಯ್‌ಸ್ಟರ್ ಬಾಯ್'. ಸಿಂಪಿ ಹುಡುಗನ ವಿಷಾದಕರ ಮರಣ ಎಂದು ಅರ್ಥಮಾಡಿಕೊಳ್ಳಬಹುದು.

ಸಮಿತಿಯ ಹಿರಿಯರು ಎರಡನೆಯ ಪುಸ್ತಕದ ನಾಲ್ಕು ಪುಟ ತಿರುವಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಕ್ಕಳ ಸಾವನ್ನು ಪ್ರಾಸ ಹಾಕಿ ಹಾಡುವುದೆ? ಇದು ಹಾಸ್ಯವೂ ಅಲ್ಲ, ಕರುಣವೂ ಅಲ್ಲ. ವಿಕೃತಿ" ಎಂದರು. ಪುಸ್ತಕಗಳೆರಡೂ ಪಕ್ಕಕ್ಕೆ ಸರಿದುವು. ಯಾರೂ ಆಕ್ಷೇಪಿಸಲಿಲ್ಲ. ನಾನೂ ಆಕ್ಷೇಪಿಸಲಿಲ್ಲ. ಹಿರಿಯರು ಒಂದು ಕಾಲಕ್ಕೆ ನನ್ನ ಮೇಷ್ಟ್ರು. ಕಾವ್ಯಮೀಮಾಂಸೆಯ ಓನಾಮವನ್ನು ನನಗೆ ತಿದ್ದಿಸಿದವರು. ಅವರೆದುರಿಗೆ ಬಾಯಿ ತೆರೆಯಲು ಸಂಕೋಚ, ಕೈಯಲ್ಲಿ ಬಿಸಿ ಲೋಟ. ಅಂದು ಅಲ್ಲಿ ಆಡಬೇಕಾಗಿದ್ದ ಮಾತನ್ನು ಇಂದು ಇಲ್ಲಿ ಆಡುತ್ತಿದ್ದೇನೆ. ಮೇಷ್ಟ್ರು ಭಾನುವಾರದ ಪತ್ರಿಕೆಯನ್ನು ಬಿಡದೆ ಓದುವವರು.

ಪುಸ್ತಕವನ್ನು ಕಾಣದವರಿಗಾಗಿ ಅದರ ಸಂಗತಿಯನ್ನು ಮೊದಲು ಹೇಳಬೇಕು. ಬರ್ಟನ್ನನ ಸಂಗ್ರಹದಲ್ಲಿ ಇಪ್ಪತ್ತಮೂರು ಪದ್ಯಗಳಿವೆ. ಕೆಲವು ಎರಡೇ ಸಾಲಿನವು, ಕೆಲವು ಹಲವು ಪುಟಗಳಷ್ಟು ಉದ್ದ. ಪಕ್ಕದಲ್ಲಿ ಜೇಡನ ಕಾಲಿನಂಥ ನವುರಾದ ಗೆರೆಯ ಚಿತ್ರಗಳು. ಪಾತ್ರಗಳೆಲ್ಲ ಮಕ್ಕಳು, ಯಾವ ಲೆಕ್ಕಕ್ಕೂ ಸೇರದ ಮಕ್ಕಳು. ಮೈಯೆಲ್ಲ ಕಣ್ಣಾದ ಹುಡುಗಿ. ಕಣ್ಣಿಗೆ ಮೊಳೆ ನೆಟ್ಟುಕೊಂಡ ಹುಡುಗ. ಹೋದಲ್ಲೆಲ್ಲ ಕಲೆ ಬಿಟ್ಟುಹೋಗುವುದಲ್ಲದೆ ಬೇರಾವ ಶಕ್ತಿಯೂ ಇಲ್ಲದ ಒಬ್ಬ ಮಹಾವೀರ. ಬೆಂಕಿಕಡ್ಡಿ ಹುಡುಗಿಯನ್ನು ಪ್ರೀತಿಸಿ ಉರಿದುಹೋಗುವ ಕಡ್ಡಿ ಹುಡುಗ. ವಿಷದ ಗಾಳಿಯಲ್ಲಿ ಸುಖವಾಗಿದ್ದು, ತೋಟದ ಶುದ್ಧ ಗಾಳಿಗೆ ತಂದೊಡನೆ ಪ್ರಾಣ ಬಿಡುವ ರಾಯ್ ಎಂಬ ಬಾಲಕ. ಓದುವಾಗ ನಗು ಬರುತ್ತದೆ. ನಕ್ಕಮೇಲೆ ಯಾರಾದರೂ ನೋಡಿದರೇ ಎಂದು ಆಚೀಚೆ ನೋಡುವಂತಾಗುತ್ತದೆ.

ಪುಸ್ತಕಕ್ಕೆ ಹೆಸರು ಕೊಟ್ಟ ಪದ್ಯದ ಕತೆ ಹೀಗಿದೆ. ಕಡಲ ದಂಡೆಯಲ್ಲಿ ಮದುವೆಯಾಗಿ ಕ್ಯಾಪ್ರಿ ದ್ವೀಪಕ್ಕೆ ವಿಹಾರ ಹೋದ ದಂಪತಿಗಳು ಮಗುವಿಗಾಗಿ ಹಂಬಲಿಸುತ್ತಾರೆ. ಮಗು ಹುಟ್ಟುತ್ತದೆ. ಕೈಬೆರಳು ಕಾಲುಬೆರಳು ಎಲ್ಲ ಲೆಕ್ಕಕ್ಕೆ ಸರಿಯಾಗಿವೆ, ಆದರೆ ತಲೆ ಮಾತ್ರ ಸಿಂಪಿ. ಸ್ಯಾಮ್ ಎಂದು ಹೆಸರಿಡುತ್ತಾರೆ. ಊರು ಮೂಗು ಮುಚ್ಚಿಕೊಳ್ಳುತ್ತದೆ. ತಂದೆತಾಯಿಗಳ ಹಾಸಿಗೆ ತಣ್ಣಗಾಗುತ್ತದೆ. ತಂದೆ ವೈದ್ಯರಲ್ಲಿಗೆ ಹೋಗುತ್ತಾನೆ. ಸಿಂಪಿ ತಿಂದರೆ ಪುರುಷನಿಗೆ ಶಕ್ತಿ ಎಂಬ ಹಳೆಯ ಪ್ರತೀತಿಯುಂಟಲ್ಲ, ವೈದ್ಯರು ಅದನ್ನೇ ನೆನಪಿಸಿ ದಾರಿ ತೋರಿಸುತ್ತಾರೆ. ಆ ರಾತ್ರಿ ತಂದೆ ತುದಿಗಾಲಲ್ಲಿ ನಡೆದು ಮಗನ ಬಳಿಗೆ ಬರುತ್ತಾನೆ. ಸುಖವಾಗಿದ್ದೀಯಾ, ಸಾಯಬೇಕೆಂದು ಎಂದಾದರೂ ಅನ್ನಿಸಿತ್ತೆ ಎಂದು ಬಹಳ ನಯವಾಗಿ ವಿಚಾರಿಸುತ್ತಾನೆ. ಮಗ ಬಾಯಿ ಬಿಡುವುದಿಲ್ಲ. ಚೂರಿ ತನ್ನ ಕೆಲಸ ಮಾಡುತ್ತದೆ. ಮರುದಿನ ಉಳಿದ ಚಿಪ್ಪನ್ನು ಕಡಲ ಮರಳಲ್ಲಿ ಹೂಳಿ, ಒಂದು ಪ್ರಾರ್ಥನೆ, ಒಂದು ಹನಿ ಕಣ್ಣೀರು ಸಲ್ಲಿಸಿ, ಹೊತ್ತು ಮುಳುಗುವ ಮೊದಲೇ ಮನೆಗೆ ಬರುತ್ತಾರೆ. ನೆರೆ ಉಕ್ಕಿ ಗೋರಿಯ ಗುರುತನ್ನು ಅಳಿಸುತ್ತದೆ. ಇತ್ತ ಮಲಗುವ ಕೋಣೆಯಲ್ಲಿ, ಈ ಸಲ ಹೆಣ್ಣಾಗಲಿ ಎಂದು ದಂಪತಿಗಳು ಹಾರೈಸುತ್ತಾರೆ.

ಮೇಷ್ಟ್ರೇ, ವಿಕೃತಿ ನಿಜ. ಯಾರದು?

ಇದು ಮಗುವಿನ ಸಾವಿನ ಪದ್ಯವೆಂದು ತಾವು ಓದಿದಿರಿ. ನನಗೆ ಇದು ಮನೆಗೆ ಮೂರು ಗಂಟೆಗೆ ವಾಪಸಾದವರ ಪದ್ಯ. ಮಗು ಇಲ್ಲಿ ಏನನ್ನೂ ಮಾಡುವುದಿಲ್ಲ, ಹುಟ್ಟುತ್ತದೆ, ಅಷ್ಟೆ. ಮಾಡುವವರೆಲ್ಲ ದೊಡ್ಡವರು, ಸಭ್ಯರು, ಸಹಜರು, ವೈದ್ಯರ ಮಾತು ಮೀರದವರು. ಬರ್ಟನ್ನನ ಮಕ್ಕಳು ವಿಚಿತ್ರ. ಅವರ ಮನೆಗಳು ಸಹಜ. ಭಯವಿರುವುದು ಆ ಸಹಜತೆಯಲ್ಲಿ. ಒಂದು ಪದ್ಯದಲ್ಲಿ ದಂಪತಿಗಳಿಗೆ ಯಂತ್ರದ ಮಗ ಹುಟ್ಟುತ್ತಾನೆ, ತಾಯಿಗೆ ಅಡುಗೆಮನೆಯ ಒಂದು ಯಂತ್ರದೊಂದಿಗೆ ಸಂಬಂಧವಿತ್ತೆಂದು ಬಯಲಾಗುತ್ತದೆ, ಮನೆ ಒಡೆಯುತ್ತದೆ, ಹುಡುಗ ಬೆಳೆದು, ನೋಡಿದವರು ಕಸದ ತೊಟ್ಟಿಯೆಂದು ತಿಳಿಯುವ ಸ್ಥಿತಿಗೆ ಬರುತ್ತಾನೆ. ತಪ್ಪು ಯಾರದು, ತೊಟ್ಟಿಯಾದವರು ಯಾರು? ಕರಕಲು ಹುಡುಗನನ್ನು ಒಲೆಯ ಬೂದಿಯೆಂದು ಭಾವಿಸಿ ಬೀದಿಗೆ ಗುಡಿಸಿ ಹಾಕುತ್ತಾರೆ. ಗುಡಿಸಿದವರು ದುಷ್ಟರಲ್ಲ, ಮನೆ ಚೊಕ್ಕಟವಾಗಿರಬೇಕೆನ್ನುವವರು.

ಇನ್ನು ಹಾಸ್ಯಕ್ಕೂ ಕರುಣಕ್ಕೂ ವಿರೋಧವೆಂಬ ಮಾತು. ಸಾಹಿತ್ಯದರ್ಪಣಕಾರ ಹಾಗೆ ಹೇಳಿದ್ದಾನೆಂಬುದು ನನಗೂ ಗೊತ್ತು. ಗೊತ್ತು ಮಾಡಿಸಿದವರೇ ಮೇಷ್ಟ್ರು. ಆದರೆ ಅದೇ ಮೇಷ್ಟ್ರು ಜನ್ನನ 'ಯಶೋಧರ ಚರಿತೆ'ಯ ಪಾಠ ಮಾಡುತ್ತಿದ್ದ ದಿನಗಳನ್ನು ನಾನು ಮರೆತಿಲ್ಲ. ಅಷ್ಟವಂಕನ ಕುರೂಪದ ವರ್ಣನೆ ಬಂದಾಗ ಅವರು ಸ್ವರ ಬದಲಿಸಿ ಓದುತ್ತಿದ್ದರು. ಇಡೀ ತರಗತಿ ನಗುತ್ತಿತ್ತು. ನಗುತ್ತಲೇ ಹೊಟ್ಟೆ ತೊಳಸುತ್ತಿತ್ತು. "ನೋಡಿ, ಇದೇ ಕವಿಯ ಶಕ್ತಿ" ಎನ್ನುತ್ತಿದ್ದರು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಪ್ಪಿಗೆ ಆ ಅರಸ ಪ್ರಾಣಿಜನ್ಮಗಳಲ್ಲಿ ತೊಳಲಿ, ತನ್ನ ಮಗನ ಅಡುಗೆಮನೆಯಲ್ಲಿಯೇ ಬೇಯುತ್ತಾನಲ್ಲ! 1209ರ ಕಾವ್ಯ ಅದು. ತಂದೆಯನ್ನು ಮಗ ತಿಂದರೆ ಮಹಾಕವಿತ್ವ, ಮಗನನ್ನು ತಂದೆ ತಿಂದರೆ ವಿಕೃತಿ ಎನ್ನಲು ಯಾವ ಶಾಸ್ತ್ರದಲ್ಲಿ ಆಧಾರವಿದೆ?

ಅಷ್ಟು ದೂರ ಏಕೆ, ಜಂಗಮನಾಗಿ ಬಂದ ಶಿವನಿಗೆ ಸಿರಿಯಾಳ ಸೆಟ್ಟಿಯೂ ಚಂಗಳೆಯೂ ತಮ್ಮ ಮಗ ಚೀಲಾಳನನ್ನೇ ಅಡುಗೆ ಮಾಡಿ ಬಡಿಸಿದ ಕತೆಯನ್ನು ನಮ್ಮ ಅಜ್ಜಿಯರು ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಹೇಳುತ್ತಿದ್ದರು. ಯಾವ ಮಗುವೂ ಕೆಟ್ಟಿತೆಂದು ಕೇಳಿಲ್ಲ. "ಅಲ್ಲಿ ಭಕ್ತಿಯಿದೆ, ಚೀಲಾಳ ಬದುಕಿ ಬರುತ್ತಾನೆ" ಎಂದು ಮೇಷ್ಟ್ರು ಹೇಳಬಹುದು. ಒಪ್ಪಿದೆ. ವ್ಯತ್ಯಾಸ ಅಲ್ಲಿಯೇ ಇರುವುದು. ಅಲ್ಲಿ ಬೇಡಿದವನು ದೇವರು. ಕೊಟ್ಟವರಿಗೆ ಕೊಟ್ಟದ್ದು ಏನೆಂದು ಗೊತ್ತಿತ್ತು. ಕರೆದಾಗ ಮಗ ಓಡಿ ಬಂದ. ಬರ್ಟನ್ನನ ಲೋಕದಲ್ಲಿ ಬೇಡುವ ದೇವರೂ ಇಲ್ಲ, ಮರಳಿ ಕೊಡುವ ದೇವರೂ ಇಲ್ಲ. ಇರುವವರು ವೈದ್ಯರು, ನೆರೆಹೊರೆಯವರು, ಗಂಡಹೆಂಡತಿಯರ ಸಣ್ಣ ಸಣ್ಣ ಅನುಕೂಲಗಳು. ಅಂಥ ಲೋಕದಲ್ಲಿ ಮಗುವನ್ನು ತಿಂದರೆ ಹೇಗಿರುತ್ತದೆಂದು ಅವನು ತೋರಿಸಿದ್ದಾನೆ. ಆ ಲೋಕ ನಮ್ಮ ಊರಿನಿಂದ ಬಹಳ ದೂರವಿದೆಯೆಂದು ನನಗೆ ತೋರುವುದಿಲ್ಲ.

ಈ ಬಗೆಯ ಪದ್ಯಕ್ಕೆ ಒಂದು ವಂಶಾವಳಿಯಿದೆ. ಅದನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. 1844ರ ಕ್ರಿಸ್‌ಮಸ್ಸಿಗೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಹೈನ್‌ರಿಖ್ ಹಾಫ್‌ಮನ್ ತನ್ನ ಮೂರು ವರ್ಷದ ಮಗನಿಗೆ ಪುಸ್ತಕ ತರಲು ಅಂಗಡಿಗೆ ಹೋದ. ಅಲ್ಲಿದ್ದ ನೀತಿಬೋಧೆಯ ಪುಸ್ತಕಗಳು ಹಿಡಿಸಲಿಲ್ಲ; ಖಾಲಿ ಪುಸ್ತಕ ತಂದು ತಾನೇ ಪದ್ಯ ಬರೆದು ಚಿತ್ರ ಹಾಕಿದ. 1845ರಲ್ಲಿ ಅದು ಅಚ್ಚಾಯಿತು. ಮುಂದೆ 'ಸ್ಟ್ರೂವೆಲ್‌ಪೇಟರ್' ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. 1891ರಲ್ಲಿ ಮಾರ್ಕ್ ಟ್ವೇನ್ ತಾನೇ ಕುಳಿತು ಇಂಗ್ಲಿಷಿಗೆ ತಿರುಗಿಸಿದ. ಅದರಲ್ಲಿ ಬೆರಳು ಚೀಪುವ ಕೊನ್ರಾಡನ ಹೆಬ್ಬೆರಳುಗಳನ್ನು ದರ್ಜಿಯೊಬ್ಬ ದೊಡ್ಡ ಕತ್ತರಿಯಿಂದ ಕತ್ತರಿಸಿ ಹಾಕುತ್ತಾನೆ. ಸೂಪು ಒಲ್ಲೆನೆಂದ ಕಾಸ್ಪರ್ ಐದನೆಯ ದಿನ ಸಾಯುತ್ತಾನೆ. ಬೆಂಕಿಕಡ್ಡಿಯೊಡನೆ ಆಡಿದ ಹುಡುಗಿ ಬೂದಿಯಾಗುತ್ತಾಳೆ. ಅಳುವುದಕ್ಕೆ ಎರಡು ಬೆಕ್ಕು. ಹಾಫ್‌ಮನ್ ಕ್ರೂರಿಯಲ್ಲ. ಹೆದರಿದ ಮಕ್ಕಳಿಗೆ ಚಿತ್ರ ಬರೆದು ತೋರಿಸಿ ಸಮಾಧಾನಪಡಿಸಿ ಔಷಧ ಕೊಡುತ್ತಿದ್ದವನು. ಮುಂದೆ ಬಹುಕಾಲ ಮನೋರೋಗಿಗಳ ಆಸ್ಪತ್ರೆಯ ಮುಖ್ಯಸ್ಥನಾಗಿದ್ದವನು. ಆದರೆ ಅವನ ಪದ್ಯದಲ್ಲಿ ಸಾವಿಗೊಂದು ಕಾರಣವಿದೆ, ಅದು ಮಗುವಿನ ತಪ್ಪು. ನಮ್ಮ ತಾಯಂದಿರು ತುತ್ತು ನುಂಗಿಸಲು ಗುಮ್ಮನನ್ನು ಕರೆಯುವುದಿಲ್ಲವೆ, ಅದೇ ನ್ಯಾಯ. ದರ್ಜಿ ಬರುತ್ತಾನೆಂದು ತಾಯಿಯೇ ಮೊದಲು ಹೇಳಿಹೋದದ್ದು. ಆಮೇಲೆ ಬಾಗಿಲು ತೆರೆದುಕೊಂಡು ಅವನು ಬಂದ. ಕರೆಸಿದವರು ಯಾರೆಂದು ಆ ಕಾಲದಲ್ಲಿ ಯಾರೂ ಕೇಳಲಿಲ್ಲ.

1907ರಲ್ಲಿ ಇಂಗ್ಲೆಂಡಿನ ಹಿಲರಿ ಬೆಲಾಕ್ ಎಚ್ಚರಿಕೆಯ ಕತೆಗಳೆಂಬ ಹೆಸರಿನಲ್ಲಿ ಇದೇ ಧಾಟಿಯನ್ನು ಅಣಕಿಸಿದ. ಮೃಗಾಲಯದಲ್ಲಿ ದಾದಿಯ ಕೈ ಬಿಡಿಸಿಕೊಂಡು ಓಡಿದ ಜಿಮ್ ಎಂಬ ಹುಡುಗನನ್ನು ಸಿಂಹ ಕಾಲಿನಿಂದ ಆರಂಭಿಸಿ ತಿನ್ನುತ್ತದೆ. ತಂದೆತಾಯಿಗಳು ಸುದ್ದಿಯನ್ನು ಅಂಚೆ ತಡವಾಗಿ ಬಂದಷ್ಟೇ ನಿರಾಳವಾಗಿ ಸ್ವೀಕರಿಸುತ್ತಾರೆ. ದೊಡ್ಡವರ ಮೇಲೆ ಮೊದಲ ಬೆಳಕು ಬಿದ್ದದ್ದು ಅಲ್ಲಿ.

ಅನಂತರ ಗೋರಿ. ಷಿಕಾಗೋದಲ್ಲಿ 1925ರಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ಫ್ರೆಂಚ್ ಸಾಹಿತ್ಯ ಓದಿ, ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಪುಸ್ತಕಗಳ ಹೊದಿಕೆಗೆ ಚಿತ್ರ ಬರೆಯುತ್ತಿದ್ದವನು. ಮದುವೆಯಾಗದೆ ಬೆಕ್ಕುಗಳೊಡನೆ ಬಾಳಿ 2000ದಲ್ಲಿ ತೀರಿಕೊಂಡ. ಅವನ ಪುಸ್ತಕ ಒಂದು ಅಕ್ಷರಮಾಲೆ. ಇಪ್ಪತ್ತಾರು ಅಕ್ಷರ, ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಸಾವು. ಮುಖಪುಟದಲ್ಲಿ ಕೊಡೆ ಹಿಡಿದ ಮೃತ್ಯು, ಶಾಲೆಯ ಮೇಷ್ಟ್ರಂತೆ ಮಕ್ಕಳ ಗುಂಪಿನ ಹಿಂದೆ ನಿಂತಿದ್ದಾನೆ. ಒಬ್ಬಳು ಮೆಟ್ಟಿಲಿಂದ ಉರುಳಿ, ಒಬ್ಬ ಕರಡಿಗಳ ಬಾಯಿಗೆ ಸಿಕ್ಕಿ. 'ಎನ್' ಅಕ್ಷರದ ಬಾಲಕನಿಗಂತೂ ಬರಿಯ ಬೇಸರದಿಂದಲೇ ಮರಣ. ಕಿಟಕಿಯ ಅಂಚಿನಲ್ಲಿ ಅವನ ತಲೆಯಷ್ಟು ಕಾಣುತ್ತದೆ. ಈ ಮಕ್ಕಳಲ್ಲಿ ಯಾರೂ ತಪ್ಪು ಮಾಡಿದವರಲ್ಲ. ಯಾರೂ ಬೆರಳು ಚೀಪಲಿಲ್ಲ, ಸುಳ್ಳು ಹೇಳಲಿಲ್ಲ. ನೀತಿಬೋಧೆಯ ಮೂರು ಸಂಪುಟಗಳೆಂದು ತಮಾಷೆಗೆ ಹೆಸರಿಟ್ಟ ಒಂದು ಕಟ್ಟಿನಲ್ಲಿ ಈ ಪುಸ್ತಕವನ್ನು ಗೋರಿ ಸೇರಿಸಿದ. ಒಳಗೆ ನೀತಿಯ ಸುಳಿವಿಲ್ಲ. ಛಂದಸ್ಸು ಮಾತ್ರ ಗಡಿಯಾರದಂತೆ ನಡೆಯುತ್ತದೆ, ಒಂದು ಗಣ ಅತ್ತಿತ್ತ ಆಗಿಲ್ಲ. ಚಿತ್ರಗಳಲ್ಲಿಯೂ ಬಹುಪಾಲು ಸಾವು ಸಂಭವಿಸುವ ಮುಂಚಿನ ಗಳಿಗೆಯಿದೆ. ಉಳಿದದ್ದು ನಮ್ಮ ಪಾಲಿನ ಕೆಲಸ. ಅವನು ಪದ್ಯದಿಂದ ಕಾರಣವನ್ನು ಕಿತ್ತುಹಾಕಿದ. ಕಾರಣವಿಲ್ಲದ ಜಾಗದಲ್ಲಿ ಬರ್ಟನ್ ತಂದೆತಾಯಿಗಳನ್ನು ತಂದು ನಿಲ್ಲಿಸಿದ.

ಬರ್ಟನ್ 1958ರಲ್ಲಿ ಹುಟ್ಟಿದ್ದು ಕ್ಯಾಲಿಫೋರ್ನಿಯದ ಬರ್‌ಬ್ಯಾಂಕಿನಲ್ಲಿ, ಚಿತ್ರೋದ್ಯಮದ ದೊಡ್ಡ ಸ್ಟುಡಿಯೋಗಳ ಊರಿನಲ್ಲಿ. ಡಿಸ್ನಿ ಸಂಸ್ಥೆಯಲ್ಲಿ ಮುದ್ದು ನರಿಗಳನ್ನು ಬರೆಯುವ ಕೆಲಸಕ್ಕೆ ಸೇರಿ, ತಾನು ಬರೆದ ನರಿ ಗಾಡಿಗೆ ಸಿಕ್ಕಿ ಸತ್ತ ನರಿಯಂತೆ ಕಾಣುತ್ತಿತ್ತೆಂದು ತಾನೇ ಹೇಳಿಕೊಂಡಿದ್ದಾನೆ. 1990ರ ಅವನ ಚಿತ್ರ 'ಎಡ್ವರ್ಡ್ ಸಿಸರ್‌ಹ್ಯಾಂಡ್ಸ್'ನ ನಾಯಕನಿಗೆ ಕೈಗಳ ಬದಲು ಕತ್ತರಿಗಳು. ಫ್ರಾಂಕ್‌ಫರ್ಟಿನಲ್ಲಿ ಮಗುವಿನ ಬೆರಳು ಕತ್ತರಿಸಲು ಬಂದ ಕತ್ತರಿ, ನೂರ ನಲವತ್ತೈದು ವರ್ಷಗಳಲ್ಲಿ ಮಗುವಿನ ಕೈಯೇ ಆಗಿ ಬೆಳೆದಿದೆ! ಅಪ್ಪಿಕೊಳ್ಳಲು ಹೋದರೆ ಗಾಯ. ಇಂಥ ಮಗುವನ್ನು ಮಾಡಿದ್ದು ಯಾವ ಮನೆ, ಯಾವ ಪಾಠ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು 'ವಿಕೃತಿ' ಎಂಬ ಪದ ಬಹಳ ಅನುಕೂಲ.

ಮೇಷ್ಟ್ರ ಪಕ್ಷವನ್ನು ಇಷ್ಟು ಹೇಳಿ ಬಿಟ್ಟರೆ ಅನ್ಯಾಯವಾದೀತು. ಇದಿರು ಪಕ್ಷದವರೂ ನನ್ನಿಂದ ತಪ್ಪಿಸಿಕೊಳ್ಳಕೂಡದು. ಇಂಗ್ಲಿಷ್ ವಿಭಾಗದ ಕಿರಿಯ ಮಿತ್ರರೊಬ್ಬರು ಈ ಪುಸ್ತಕದ ಪರಮ ಭಕ್ತರು. "ಸಾರ್, ಇದು ಭಿನ್ನವಾಗಿರುವವರ ಹಬ್ಬ. ನಾವೆಲ್ಲರೂ ಒಳಗೊಳಗೆ ಸಿಂಪಿ ಹುಡುಗರೇ" ಎಂದು ಪುಲಕಿತರಾಗುತ್ತಾರೆ. ಅವರ ಅಂಗಿಯ ಮೇಲೆಯೂ ಬರ್ಟನ್ನನ ಚಿತ್ರವಿದೆ. ಈ ದುರಂತ ಬಾಲಕರು ಆಟದ ಗೊಂಬೆಗಳಾಗಿ ಮಾರಾಟಕ್ಕೂ ಬಂದರು. 2009ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಬರ್ಟನ್ನನ ಚಿತ್ರಗಳ ದೊಡ್ಡ ಪ್ರದರ್ಶನವನ್ನೇ ಏರ್ಪಡಿಸಿತು. ಸಂತೋಷ. ಆದರೆ ಹಬ್ಬವೆಲ್ಲಿದೆ, ಸ್ವಾಮಿ? ಈ ಮಕ್ಕಳಲ್ಲಿ ಯಾರ ವಿಶೇಷತೆಯೂ ಯಾರನ್ನೂ ಕಾಪಾಡುವುದಿಲ್ಲ. ಮೈತುಂಬ ಸೂಜಿ ಚುಚ್ಚಿಸಿಕೊಂಡ ಹುಡುಗಿಯ ಬಳಿ ಯಾರಾದರೂ ಪ್ರೀತಿಯಿಂದ ಬಂದರೆ ಸೂಜಿ ಇನ್ನೂ ಆಳಕ್ಕೆ ಇಳಿಯುತ್ತದೆ. ಪುಸ್ತಕದ ಕಡೆಯ ಪದ್ಯದಲ್ಲಿ ಸಿಂಪಿ ಹುಡುಗ ಮತ್ತೆ ಕಾಣಿಸಿಕೊಳ್ಳುತ್ತಾನೆ. ಹ್ಯಾಲೋವೀನ್ ಹಬ್ಬ, ಎಲ್ಲ ಮಕ್ಕಳೂ ದೆವ್ವಪಿಶಾಚಿಗಳ ವೇಷ ಹಾಕುವ ದಿನ. ಅವನು ಹಾಕಿಕೊಳ್ಳುವ ವೇಷ ಮನುಷ್ಯನದು. ಎರಡೇ ಸಾಲು. ಇದನ್ನು ಓದಿ 'ನಾನೂ ಹೀಗೆಯೇ' ಎಂದು ಎದೆ ತಟ್ಟಿಕೊಳ್ಳುವವರು, ಆ ಹುಡುಗ ಬಾಗಿಲು ತಟ್ಟಿದರೆ ಏನು ಮಾಡುವರೆಂಬುದು ಬೇರೆ ಮಾತು. ಸಿಂಪಿ ಹುಡುಗನೆನಿಸಿಕೊಳ್ಳುವುದು ಸುಲಭ. ಅವನ ತಂದೆ ನಾನಿರಬಹುದೆ ಎಂದು ಕೇಳಿಕೊಳ್ಳುವುದು ಕಷ್ಟ. ಪದ್ಯ ಕೇಳುತ್ತಿರುವುದು ಎರಡನೆಯದನ್ನು.

ಪುಸ್ತಕ ನಿರ್ದೋಷಿಯೆಂದು ನನ್ನ ವಾದವಲ್ಲ. ಗೋರಿಯ ಪಕ್ಕದಲ್ಲಿಟ್ಟರೆ ಬರ್ಟನ್ನನ ಪದ್ಯಬಂಧ ಸಡಿಲ; ಪ್ರಾಸಕ್ಕಾಗಿ ಸಾಲನ್ನು ಕಿವಿ ಹಿಡಿದು ಎಳೆತರುತ್ತಾನೆ. ಮಮ್ಮಿಯ ಬಟ್ಟೆ ಸುತ್ತಿಕೊಂಡ ಹುಡುಗನನ್ನು ಹುಟ್ಟುಹಬ್ಬದ ಮಕ್ಕಳು ಮಿಠಾಯಿ ತುಂಬಿದ ಗೊಂಬೆಯೆಂದು ತಿಳಿದು ಬಡಿಗೆಯಿಂದ ಒಡೆಯುವಂಥ ಪದ್ಯಗಳಲ್ಲಿ ಸಾವು ಬರಿಯ ಚಟಾಕಿಯಾಗಿದೆ. ಇಪ್ಪತ್ತಮೂರರಲ್ಲಿ ಹತ್ತು ನಿಲ್ಲುತ್ತವೆ ಎಂದು ನನ್ನ ಅಂದಾಜು. ನಮ್ಮ ಎಷ್ಟು ಕವನಸಂಗ್ರಹಗಳಲ್ಲಿ ಹತ್ತು ನಿಲ್ಲುತ್ತವೆ?

ಇಷ್ಟು ಬಿಸಿಯಾಗಿ ಏಕೆ ಬರೆಯುತ್ತಿದ್ದೇನೆಂದು ಯಾರಾದರೂ ಕೇಳಬಹುದು. ಹೇಳುತ್ತೇನೆ.

ಮೂರು ವರ್ಷದ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ಸಂಪಾದಕ. ಎರಡನೆಯ ವರ್ಷದ ಬಿ.ಕಾಂ. ಹುಡುಗಿಯೊಬ್ಬಳು ಒಂದು ಪದ್ಯ ತಂದುಕೊಟ್ಟಳು. ಪಕ್ಕದಲ್ಲಿ ಪೆನ್ಸಿಲ್ಲಿನ ಚಿತ್ರ. ಕೆನ್ನೆಯ ಮೇಲೆ ದೊಡ್ಡ ಮಚ್ಚೆಯಿರುವ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ತಾಯಿ ಮಚ್ಚೆ ಮುಚ್ಚಲು ಪೌಡರ್ ಹಚ್ಚುತ್ತಾಳೆ. ಕಾಣುತ್ತದೆ, ಇನ್ನಷ್ಟು ಹಚ್ಚುತ್ತಾಳೆ. ಚಿಕ್ಕಮ್ಮ ಬಂದು ಹಚ್ಚುತ್ತಾಳೆ, ಅತ್ತೆ ಬಂದು ಹಚ್ಚುತ್ತಾಳೆ. ಕೊನೆಗೆ ನಡುಮನೆಯ ಕುರ್ಚಿಯ ಮೇಲೆ ಒಂದು ಹಿಡಿ ಪೌಡರ್ ಮಾತ್ರ ಉಳಿದಿರುತ್ತದೆ. ಬಂದವರು ಅದನ್ನು ಉಫ್ ಎಂದು ಊದಿ, ಕುಳಿತು, ಉಪ್ಪಿಟ್ಟು ಚೆನ್ನಾಗಿದೆ ಎನ್ನುತ್ತಾರೆ. ಅಷ್ಟೆ ಪದ್ಯ.

ನಾನು ಓದಿ ನಕ್ಕೆ. ಆಮೇಲೆ ಕೆಂಪು ಮಸಿಯಲ್ಲಿ ಅಂಚಿನಲ್ಲಿ ಬರೆದೆ: "ಕಲ್ಪನೆ ಇದೆ. ಆದರೆ ಮಂಗಳಕರವಾಗಿಲ್ಲ. ಆಶಾದಾಯಕವಾಗಿ ಮುಗಿಸಿ ತರುವುದು." ಅವಳು ಹಾಳೆಯನ್ನು ಎರಡಾಗಿ ಮಡಿಸಿಕೊಂಡು, "ಆಗಲಿ ಸಾರ್" ಎಂದು ಹೋದಳು. ಮತ್ತೆ ತರಲಿಲ್ಲ. ನಾನೂ ಕೇಳಲಿಲ್ಲ. ಆ ಪುಟದಲ್ಲಿ ಕನ್ನಡ ತಾಯಿಯನ್ನು ಕುರಿತ ಒಂದು ಕವನ ಅಚ್ಚಾಯಿತು. ಅದನ್ನು ಬರೆದ ಹುಡುಗನಿಗೂ ಈಗ ಅದು ನೆನಪಿರಲಾರದು. ಅವಳ ಕೆನ್ನೆಯ ಮೇಲೆ ಮಚ್ಚೆಯಿತ್ತೆ ಎಂದು ನೀವು ಕೇಳುವಿರಿ. ಇತ್ತು. ಆದರೆ ಅದು ಪದ್ಯದ ವಿಷಯದಲ್ಲಿ ಅಪ್ರಸ್ತುತ. ಪ್ರಸ್ತುತವಾದದ್ದು, ಆ ಹೊತ್ತು ನನ್ನ ಕೈಯಲ್ಲಿದ್ದದ್ದು ಕೆಂಪು ಮಸಿಯ ಲೇಖನಿಯಲ್ಲ, ಪೌಡರ್ ಡಬ್ಬಿ ಎಂಬುದು. ಬರ್ಟನ್ನನ ಪುಸ್ತಕವನ್ನು ಸಮಿತಿಯ ಮೇಜಿನ ಮೇಲೆ ತೆರೆದಾಗ ನನಗೆ ಮೊದಲು ನೆನಪಾದದ್ದು ಆ ಮಡಿಸಿದ ಹಾಳೆ. ಆದ್ದರಿಂದಲೇ ಅಂದು ಮೇಷ್ಟ್ರ ಮಾತಿಗೆ ನಾನು ಸುಮ್ಮನಿದ್ದೆನೋ ಏನೋ. ಅವರು ಆಡಿದ್ದು ನನ್ನದೇ ಷರಾ.

ಎರಡು ಪುಸ್ತಕಗಳೂ ಸದ್ಯಕ್ಕೆ ನನ್ನ ಮೇಜಿನ ಖಾನೆಯಲ್ಲಿವೆ. ಸಮಿತಿಯ ಮುಂದಿನ ಸಭೆಯಲ್ಲಿ ಮತ್ತೆ ಮಂಡಿಸುವುದಾಗಿ ಬರೆದುಕೊಟ್ಟಿದ್ದೇನೆ. ಈ ವರ್ಷದ ವಾರ್ಷಿಕ ಸಂಚಿಕೆಯೂ ನನ್ನ ಪಾಲಿಗೇ ಬಂದಿದೆ; ಹಳೆಯ ವಿದ್ಯಾರ್ಥಿಗಳ ಬರಹಕ್ಕೆ ನಾಲ್ಕು ಪುಟ ಮೀಸಲಿಡಬಹುದೆಂದು ಪ್ರಿನ್ಸಿಪಾಲರು ಒಪ್ಪಿದ್ದಾರೆ. ಆ ಹುಡುಗಿಗೆ ಕಾಗದ ಬರೆದು ಹನ್ನೆರಡು ದಿನವಾಯಿತು. ಪದ್ಯವನ್ನು ಇದ್ದ ಹಾಗೆಯೇ, ಚಿತ್ರದೊಡನೆ ಕಳಿಸಬೇಕೆಂದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.